ಖ್ರೋನಿಂಗನ್ನಿಗೆ ಹೋದ ಟವಲ್ಲು

ಆಲಸನತ್ತಂ

ಪರದೇಶಕ್ಕೆ ಹೊರಟವರಿಗೆ ಎಲ್ಲರೂ ಸ್ವೆಟರ್ ಇಟ್ಟುಕೋ, ಉಪ್ಪಿನಕಾಯಿ ಇಟ್ಟುಕೋ ಎನ್ನುತ್ತಾರೆ. ನಾನು ಹೇಳುವುದು ಒಂದೇ: ಹೆಗಲ ಮೇಲೊಂದು ಟವಲ್ಲು ಇರಲಿ. ಬೆವರು ಒರೆಸಲಿಕ್ಕಲ್ಲ. ನಾನು ಹೋದ ದೇಶದಲ್ಲಿ ಬೆವರೇ ಬರುವುದಿಲ್ಲ. ಮತ್ತೆ ಯಾಕೆ ಎಂಬುದು ಓದುತ್ತಾ ಹೋದರೆ ತಿಳಿಯುತ್ತದೆ.

ನಾನು ಹುಟ್ಟಿದ್ದು ತಮಿಳುನಾಡಿನ ಗಡಿಯ ಗುಮ್ಮಳಾಪುರದಲ್ಲಿ. ಮೀಸೆ ಮೂಡುವ ಮೊದಲೇ ದನದ ಸಂತೆಗೆ ಬಿದ್ದವನು. ಮೊದಲು ಇನ್ನೊಬ್ಬರ ಎತ್ತುಗಳನ್ನು ಹೊಡೆದುಕೊಂಡು ಹೋಗುವ ಕೆಲಸ, ಆಮೇಲೆ ದಲ್ಲಾಳಿ. ಹೊಸೂರಿನಲ್ಲಿ ಫ್ಯಾಕ್ಟರಿಗಳು ಹೆಚ್ಚಾದ ಮೇಲೆ ಅವು ಮಾರಿಬಿಡುವ ಹಳೇ ಲೇತ್ ಮೆಷೀನುಗಳ ವ್ಯಾಪಾರಕ್ಕೂ ಕೈ ಹಾಕಿದೆ. ಯಾರೂ ಕಲಿಸಲಿಲ್ಲ. ಎತ್ತಿಗೂ ಹಲ್ಲು ನೋಡಬೇಕು, ಲೇತಿನ ಗೇರಿಗೂ ಹಲ್ಲು ನೋಡಬೇಕು, ಅಷ್ಟೇ. ಆ ಹಲ್ಲುಗಳ ಪುಣ್ಯದಿಂದಲೇ ಹೊಸೂರಿನ ಪಕ್ಕದ ಆಲಸನತ್ತಂನಲ್ಲಿ ಮನೆ ಕಟ್ಟಿದೆ, ಒಬ್ಬಳೇ ಮಗಳು ಮಂಜುಳಾಳನ್ನು ಅವಳು ಓದುತ್ತೇನೆ ಎಂದಷ್ಟು ಓದಿಸಿದೆ. ಅವಳು ಓದಿದ್ದು ಭಾಷಾಶಾಸ್ತ್ರ. ಓದುತ್ತಾ ಓದುತ್ತಾ ನೆದರ್ಲೆಂಡ್ಸ್ ದೇಶದ ಖ್ರೋನಿಂಗನ್ ಊರಿನ ಯೂನಿವರ್ಸಿಟಿಗೆ ಸೇರಿಕೊಂಡಳು. ಸಂಶೋಧನೆಯ ವಿಷಯ ಯಾವುದು ಎಂದು ಕೇಳಿದರೆ, ನನ್ನ ಟವಲ್ಲು!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ದನದ ಸಂತೆಗಳಲ್ಲಿ ಬೆಲೆಯನ್ನು ಬಾಯಲ್ಲಿ ಕೂಗುವುದಿಲ್ಲ. ದಲ್ಲಾಳಿ ತನ್ನ ಕೈ ಮೇಲೆ ಟವಲ್ಲು ಹರವಿ ಮುಂದಕ್ಕೆ ಚಾಚುತ್ತಾನೆ. ಎದುರಿನವನು ಅದರ ಕೆಳಗೆ ಕೈ ತೂರಿಸುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಇಡೀ ಕೈ ಹಿಡಿದು, ಬಿಟ್ಟು, ಮತ್ತೆರಡು ಬೆರಳು ಹಿಡಿದರೆ ಏಳು. ನೂರೋ ಸಾವಿರವೋ ಎಂಬುದನ್ನು ಪಕ್ಕದಲ್ಲಿ ನಿಂತ ದನವೇ ಹೇಳುತ್ತದೆ. ಸುತ್ತಲಿನವರಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ನಮ್ಮ ಕಡೆ ಲೆಕ್ಕ ತೆಲುಗಿನಲ್ಲಿ, ಕಚೇರಿ ತಮಿಳಿನಲ್ಲಿ, ಬೈಗುಳ ಕನ್ನಡದಲ್ಲಿ. ಬೆರಳಿಗೆ ಮಾತ್ರ ಯಾವ ಭಾಷೆಯೂ ಇಲ್ಲ. ಅದು ಹೇಗೆ ಉಳಿದುಕೊಂಡು ಬಂತು ಎಂದು ನನ್ನ ಮಗಳು ವರ್ಷಗಟ್ಟಲೆ ಸಂತೆಯಲ್ಲಿ ನಿಂತು, ಸಗಣಿ ತುಳಿದು, ಪುಸ್ತಕ ಬರೆದಳು.

ಸಂತೆಯಲ್ಲಿ ಇದು ಎಲ್ಲರಿಗೂ ಹಿಡಿಸಲಿಲ್ಲ. ನನಗಿಂತ ಹಿರಿಯ ದಲ್ಲಾಳಿ ಮುನಿಯಪ್ಪಣ್ಣ, ಮಗಳಿಗೆ ಡಾಕ್ಟರೇಟ್ ಕೊಡುವುದನ್ನು ನೋಡಲು ನಾನು ಹೊರಡುವ ಹಿಂದಿನ ದಿನ, ಮನೆಗೆ ಬಂದು ಜಗುಲಿ ಮೇಲೆ ಕೂತ.

“ಏನ್ಲಾ ವೆಂಕ್ಟಾ, ಕೈನ ಟವಲ್ ಕೆಳ್ಗೆ ಮಡ್ಗೋದೇ ಯಾರಿಗೂ ಗೊತ್ತಾಗ್ದೆ ಇರ್ಲಿ ಅಂತ. ನಿನ್ ಮಗ್ಳು ಅದ್ನೇ ಪುಸ್ತಕ ಮಾಡವ್ಳೆ. ನಾಳೆ ನಾವು ಕೈನ ಎಲ್ಲಾ ಬಚ್ಚಿಟ್ಕಳಾದು?”

“ಬೆಲೆ ಎಷ್ಟು ಅಂತ ಬರ್ದಿಲ್ಲ ಕಣಣ್ಣ, ಹೆಂಗೆ ಹೇಳ್ತೀವಿ ಅಂತ ಬರ್ದವ್ಳೆ.”

“ಎಲ್ಡೂ ಒಂದೇ ಕಣ್ಲಾ. ಸೊಸೈಟಿ ಹಾಲಿಗೆ ನೀರ್ ಎಷ್ಟ್ ಹಾಕ್ದೆ ಅಂತ ಹೇಳ್ದಿದ್ರೂ, ಹಾಕಾದ್ ಹೆಂಗೆ ಅಂತ ತೋರ್ಸ್‌ಕೊಟ್ಟಂಗೆ.”

ಅವನ ಮಾತಿಗೆ ನಕ್ಕೆ. ಆದರೆ ಮನಸ್ಸಿನಲ್ಲಿ ಬೇರೊಂದು ಮುಳ್ಳಿತ್ತು. ಮಂಜುಳ ಫೋನಿನಲ್ಲಿ ಹೇಳಿದ್ದಳು: ಡಾಕ್ಟರೇಟ್ ಕೊಡುವ ಮೊದಲು ತುಂಬಿದ ಸಭೆಯಲ್ಲಿ ಅವಳನ್ನು ಪ್ರಶ್ನೆ ಕೇಳುತ್ತಾರೆ. ಕೇಳುವವರಲ್ಲಿ ಜರ್ಮನಿಯಿಂದ ಬರುವ ಒಬ್ಬ ಪ್ರೊಫೆಸರಮ್ಮ ಇದ್ದಾರೆ. ಆಕೆಯ ತಕರಾರು ಒಂದೇ. ಟವಲ್ಲಿನ ಕೆಳಗೆ ನಡೆದದ್ದನ್ನು ಯಾರೂ ನೋಡಿಲ್ಲ, ದಲ್ಲಾಳಿಗಳು ಹೇಳಿದ್ದನ್ನು ನಂಬಿ ಬರೆದದ್ದು ಸಂಶೋಧನೆ ಹೇಗಾಗುತ್ತದೆ? ಇದಕ್ಕೆ ಉತ್ತರ ನಿಲ್ಲದಿದ್ದರೆ ಅವಳ ಪುಸ್ತಕ ನಿಲ್ಲುವುದಿಲ್ಲ. ಪುಸ್ತಕದ ಜೊತೆಗೆ ನಮ್ಮ ಇಡೀ ಸಂತೆಯೇ ಸುಳ್ಳುಗಾರರ ಗುಂಪು ಎಂದಾಗುತ್ತದೆ. ಅದನ್ನು ಮುನಿಯಪ್ಪಣ್ಣನಿಗೆ ನಾನು ಹೇಳಲಿಲ್ಲ.

ಹೆಂಡತಿ ರತ್ನ ಬರಲಿಲ್ಲ. ಹಸು ಈಯುವ ದಿನ ಹತ್ತಿರವಿತ್ತು. “ಅವ್ಳು ಡಾಕ್ಟ್ರಾಗೋದ್ನ ಫೋನಲ್ಲಿ ನೋಡ್ತೀನಿ, ಕರಾ ಹುಟ್ಟೋದ್ನ ಫೋನಲ್ಲಿ ನೋಡಕ್ಕಾಗಲ್ಲ” ಎಂದು ನನ್ನ ಕೈಗೆ ಒಂದು ಡಬ್ಬಿ ತುಪ್ಪ ಕೊಟ್ಟು ಕಳಿಸಿದಳು.

ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣ

ಆ ತುಪ್ಪದ ಕಥೆ ಇಲ್ಲೇ ಮುಗಿಯಿತು. ನೀಲಿ ಅಂಗಿಯ ಅಧಿಕಾರಿಯೊಬ್ಬ ನನ್ನ ಚೀಲ ಬಿಚ್ಚಿಸಿ, ಹಾಲಿನ ಪದಾರ್ಥ ತರುವಂತಿಲ್ಲ ಎಂದ. ಇಂಗ್ಲಿಷು ನನಗೆ ವ್ಯಾಪಾರಕ್ಕೆ ಬೇಕಾದಷ್ಟು ಬರುತ್ತದೆ. ಫ್ಯಾಕ್ಟರಿ ಮ್ಯಾನೇಜರುಗಳ ಜೊತೆ ಗುದ್ದಾಡಿ ಕಲಿತದ್ದು.

“ಇದು ಹಾಲಲ್ಲ, ತುಪ್ಪ” ಎಂದೆ.

“ತುಪ್ಪ ಯಾವುದರಿಂದ ಮಾಡುತ್ತೀರಿ?”

“ಬೆಣ್ಣೆಯಿಂದ.”

“ಬೆಣ್ಣೆ?”

ಅರ್ಧವಾದರೂ ಬಿಡಿ ಎಂದೆ. ಆಮೇಲೆ ಮೂಗಿಗೆ ಹಿಡಿದು ವಾಸನೆಯಾದರೂ ನೋಡಿ ಎಂದೆ. ಅವನು ನಗುತ್ತಲೇ ಡಬ್ಬಿಯನ್ನು ತೊಟ್ಟಿಗೆ ಇಳಿಸಿದ. ಕೋಪವಿಲ್ಲ, ಕೂಗಾಟವಿಲ್ಲ, ಚೌಕಾಸಿಯೂ ಇಲ್ಲ. ರಾಗಿ ಹುರಿಹಿಟ್ಟನ್ನು ಮಾತ್ರ ಬಿಟ್ಟುಕೊಟ್ಟ. ಆ ದಿನ ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಎದುರಿನವನ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೋಡದೆ ಮೊದಲನೇ ಉತ್ತರ ಕೊಡಬೇಡಿ.

ಅಲ್ಲಿಂದ ರೈಲು. ನೆಲ ಎಂದರೆ ಒನಕೆ ಉರುಳಿಸಿ ಸಮ ಮಾಡಿದ ಹಾಗೆ, ಎಲ್ಲೂ ಒಂದು ಗುಡ್ಡವಿಲ್ಲ. ಬಂಡೆಗಳ ನಡುವೆ ಬೆಳೆದ ಕೃಷ್ಣಗಿರಿ ಸೀಮೆಯವನಿಗೆ ಕಣ್ಣು ಒರಗಿಸಲು ಜಾಗವೇ ಸಿಗುವುದಿಲ್ಲ. ಆದರೆ ಹಸುಗಳು! ಕೆಚ್ಚಲು ನೆಲ ಮುಟ್ಟುವಂಥವು. ಕಿಟಕಿಗೆ ಮೂಗು ಒತ್ತಿಕೊಂಡು ಒಂದೊಂದನ್ನೂ ಮನಸ್ಸಿನಲ್ಲೇ ಕೊಂಡು, ಮಾರಿ, ಲಾಭ ಮಾಡಿಕೊಂಡೆ. ಎದುರಿಗೆ ಕೂತ ಹುಡುಗಿ ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ತಿನ್ನುತ್ತಿದ್ದಳು. ಮಗುವಿನ ಡಬ್ಬಿ ತಪ್ಪಿ ತಂದಿದ್ದಾಳೆ ಎಂದುಕೊಂಡೆ. ಆಮೇಲೆ ನೋಡಿದರೆ, ಆ ದೇಶದ ಮುದುಕರೂ ಬೆಳಗಿನ ಹೊತ್ತು ತಿನ್ನುವುದು ಅದನ್ನೇ.

ಖ್ರೋನಿಂಗನ್: ಅಡುಗೆಮನೆ

ಊರಿನ ಹೆಸರಿನ ಮೊದಲ ಅಕ್ಷರವನ್ನು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವರಂತೆ ಹೇಳಬೇಕು. ಸ್ಟೇಷನ್ನಿಗೆ ಮಂಜುಳ ಬಂದಿದ್ದಳು. ಕಣ್ಣಿನ ಸುತ್ತ ಕಪ್ಪು. “ಅಪ್ಪಾ, ತುಪ್ಪ?” ಎಂದು ಕೇಳಿದಳು. “ಸರ್ಕಾರಕ್ಕೆ ಕೊಟ್ಟೆ” ಎಂದೆ.

ಅವಳಿದ್ದ ಕಟ್ಟಡದಲ್ಲಿ ಒಂದು ಮಹಡಿಗೆ ಒಂದೇ ಅಡುಗೆಮನೆ. ಅಲ್ಲಿ ಅವಳ ಜೊತೆ ಇನ್ನೂ ಮೂವರು ಸಂಶೋಧಕರು ಅನ್ನ ಬೇಯಿಸಿಕೊಳ್ಳುತ್ತಿದ್ದರು. ಇಟಲಿಯ ಮಾರ್ಕೊ, ಇದೇ ದೇಶದ ಹುಡುಗಿ ಆನೆಕ, ಘಾನಾ ದೇಶದ ಕ್ವಾಮೆ. ನಾನು ಎಲ್ಲಿಗೆ ಹೋದರೂ ಮೊದಲು ಕೇಳುವುದು, ನಿಮ್ಮ ಸರಕೇನು, ಕೊಳ್ಳುವವರು ಯಾರು ಎಂದು. ಇಲ್ಲೂ ಕೇಳಿದೆ.

ಮಾರ್ಕೊನ ಸರಕು ತೊಗಲಿನ ಹಾಳೆ. ಕಾಗದ ಬರುವ ಮೊದಲು ಅವರ ಕಡೆ ಚರ್ಮವನ್ನು ಹದ ಮಾಡಿ ಅದರ ಮೇಲೆ ಬರೆಯುತ್ತಿದ್ದರಂತೆ. ಅದು ಯಾವ ಪ್ರಾಣಿಯ ಚರ್ಮ ಎಂದು ಕಂಡುಹಿಡಿಯುವುದು ಇವನ ಕೆಲಸ. ಆನೆಕಳ ಸರಕು ಕೆಸರು, ಸಮುದ್ರದ ಕೆಸರಿನಲ್ಲಿರುವ ಚಿಪ್ಪಿನ ಹುಳು. ಕ್ವಾಮೆಯದು ಎಲ್ಲಕ್ಕಿಂತ ವಿಚಿತ್ರ. ಒಬ್ಬ ಇನ್ನೊಬ್ಬನಿಗೆ ಮಾತು ಕೊಡುತ್ತಾನಲ್ಲ, ಹಾಗೆ ಮಾತು ಕೊಡುವುದು ಎಂದರೆ ಏನು ಎಂದು ವರ್ಷಗಳಿಂದ ಯೋಚನೆ ಮಾಡುತ್ತಿದ್ದ. ಬರೀ ಯೋಚನೆ. ಯಂತ್ರವಿಲ್ಲ, ಕೆಸರಿಲ್ಲ, ಚರ್ಮವಿಲ್ಲ.

“ಇವ್ನಿಗೆ ಸಂಬ್ಳ ಕೊಡ್ತಾರಾ?” ಎಂದು ಮಂಜುಳಾಳನ್ನು ಮೆಲ್ಲಗೆ ಕೇಳಿದೆ.

“ಕೊಡ್ತಾರಪ್ಪ. ನೀನು ಸುಮ್ನೆ ಇರು.”

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಮರುದಿನ ಮಾರ್ಕೊನ ಹಿಂದೆ ಅವನ ಕೋಣೆಗೆ ಹೋದೆ. ಬಿಳಿ ಕೈಗವಸು ಹಾಕಿಸಿ, ಅಂಗೈಯಷ್ಟು ಅಗಲದ ಹಳೇ ಚೂರೊಂದನ್ನು ಮುಂದಿಟ್ಟ. ನಾನು ಬೆಳಕಿಗೆ ಹಿಡಿದೆ, ಓರೆ ಮಾಡಿದೆ, ಮೂಸಿದೆ. ಚರ್ಮ ನೋಡಿ ಪ್ರಾಣಿ ಹೇಳುವುದರಲ್ಲಿ ಸಂತೆಯಲ್ಲಿ ನನಗೆ ಎದುರಿಲ್ಲ. “ಮೇಕೆ” ಎಂದೆ. “ಬೇಕಾದರೆ ಪಂದ್ಯ.” ಅವನು ಶಾಲೆಯ ಮಕ್ಕಳು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಾಳೆಯನ್ನು ಮೃದುವಾಗಿ ಉಜ್ಜಿದ. ಉದುರಿದ ಪುಡಿಯನ್ನು ಸಣ್ಣ ಸೀಸೆಗೆ ಹಾಕಿಕೊಂಡ. ಆ ಪುಡಿಗೆ ಅಂಟಿದ ಚರ್ಮದ ಕಣವನ್ನು ಯಂತ್ರದಲ್ಲಿಟ್ಟರೆ ಪ್ರಾಣಿ ಯಾವುದೆಂದು ಹೇಳುತ್ತದಂತೆ. ಕೆಲವು ದಿನದ ಮೇಲೆ ಅಡುಗೆಮನೆಗೆ ಬಂದು ಹೇಳಿದ: “ಕರು.”

ಯಾರಾದರೂ ಮನುಷ್ಯ ಹೇಳಿದ್ದರೆ ವಾದ ಮಾಡುತ್ತಿದ್ದೆ. ರಬ್ಬರಿನ ಪುಡಿಯ ಜೊತೆ ಏನು ವಾದ? ಹುಟ್ಟಿದಂದಿನಿಂದ ದನಗಳ ನಡುವೆ ಇದ್ದವನ ಬೆರಳಿಗೆ ಸಿಗದೆ ಹೋದದ್ದು ಆ ಪುಡಿಗೆ ಸಿಕ್ಕಿತಲ್ಲ ಎಂದು ಅವತ್ತು ಎರಡು ತುತ್ತು ಕಡಿಮೆ ಉಂಡೆ.

ಕೆಸರು

ಆನೆಕ ನಮ್ಮನ್ನು ಸಮುದ್ರಕ್ಕೆ ಕರೆದುಕೊಂಡು ಹೋದಳು. ಹೋಗಿ ನೋಡಿದರೆ ಸಮುದ್ರವೇ ಇಲ್ಲ! ಇಳಿತದ ಹೊತ್ತಿಗೆ ನೀರೆಲ್ಲ ದೂರ ಸರಿದು, ಕಣ್ಣು ಹೋಗುವವರೆಗೂ ಗದ್ದೆಯಂಥ ಕೆಸರು. ಅವಳು ಉದ್ದ ಬೂಟು ಹಾಕಿಕೊಂಡು ನಡೆದಳು. ನಾನು ಪಂಚೆ ಎತ್ತಿ ಕಟ್ಟಿ ಬರಿಗಾಲಲ್ಲಿ ಇಳಿದೆ. ನಾಟಿಗೆ ಇಳಿಯುವವನಿಗೆ ಬೂಟು ಯಾಕೆ ಎಂಬ ಜಂಬ. ನಾಲ್ಕು ಹೆಜ್ಜೆಯಲ್ಲಿ ಚಳಿ ಮಂಡಿಗೆ ಏರಿತು, ಐದನೆಯದಕ್ಕೆ ಬಲಗಾಲು ಹೂತುಕೊಂಡಿತು. ಮಗಳೂ ಆನೆಕಳೂ ಎರಡು ಕಡೆಯಿಂದ ಎಳೆದರು.

“ಅಪ್ಪಾ, ಬಾಯಿಗೂಡಿದ ಎತ್ತು ಕೆಸ್ರಲ್ಲಿ ಸಿಕ್ಕಾಕೊಂಡ್ರೆ ಏನ್ ಮಾಡ್ತಾರೆ?” ಎಂದು ಮಂಜುಳ ಕೇಳಿದಳು. ಹಲ್ಲೆಲ್ಲ ಬಂದು ಮುಗಿದ ಮುದಿ ಎತ್ತಿಗೆ ನಮ್ಮ ಕಡೆ ಹಾಗೆ ಹೇಳುವುದು.

“ಬೆಲೆ ಇಳಿಸ್ತಾರೆ ಕಣವ್ವ, ಎಳಿ ಮೊದ್ಲು.”

ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು ಅದೇ ಇರಬೇಕು.

ಆನೆಕ ಕೆಸರನ್ನು ಜರಡಿಯಲ್ಲಿ ತೊಳೆದು ಉಗುರಿನಷ್ಟು ಸಣ್ಣ ಚಿಪ್ಪುಗಳನ್ನು ತೋರಿಸಿದಳು. ಇದನ್ನು ಕೊಳ್ಳುವವರು ಯಾರು ಎಂದು ಕೇಳಿದೆ. ಅವಳು ಕೈ ಎತ್ತಿ ಆಕಾಶ ತೋರಿಸಿದಳು. ಹಕ್ಕಿಗಳ ದೊಡ್ಡದೊಂದು ಹಿಂಡು ಹೊಗೆಯ ಹಾಗೆ ತಿರುಗಿ ಇಳಿಯುತ್ತಿತ್ತು. ಆಫ್ರಿಕದಿಂದ ಹಿಮದ ನಾಡಿಗೆ ಹೋಗುವ ದಾರಿಯಲ್ಲಿ ಅವು ಹೊಟ್ಟೆ ತುಂಬಿಸಿಕೊಳ್ಳುವುದು ಇಲ್ಲೇ. ಈ ಚಿಪ್ಪು ಇಲ್ಲದೆ ಹೋದರೆ ಆ ಹಕ್ಕಿ ಮುಂದಕ್ಕೆ ಹಾರಲಾರದು. “ಅವೇ ನನ್ನ ಗಿರಾಕಿಗಳು” ಎಂದಳು.

ಹಿಂದಿರುಗುವ ದಾರಿಯಲ್ಲಿ ನನಗೊಂದು ಹೊಳೆಯಿತು. ಸಂತೆಯಲ್ಲಿ ಒಂದು ಹೋರಿ ನಿಂತಿರುತ್ತದೆ. ರೈತ ಗೊರಸು ನೋಡುತ್ತಾನೆ, ದನದ ಡಾಕ್ಟರು ಮೂಗು ನೋಡುತ್ತಾನೆ, ಮುದುಕ ಸುಳಿ ನೋಡುತ್ತಾನೆ, ಗಾಡಿಯವನು ಹೆಗಲು ನೋಡುತ್ತಾನೆ, ಮನೆಯಲ್ಲಿ ಮಕ್ಕಳಿರುವವನು ಹಾಯುತ್ತದೆಯೇ ಎಂದು ಕಣ್ಣು ನೋಡುತ್ತಾನೆ. ಎಲ್ಲರೂ ನೋಡಿದರೇನೇ ಅದು ಇಡೀ ಹೋರಿ. ಈ ಯೂನಿವರ್ಸಿಟಿ ಎಂಬುದೂ ಅಂಥದೇ. ಒಬ್ಬಳು ಜಗತ್ತಿನ ಕೆಸರು ನೋಡುತ್ತಾಳೆ, ಒಬ್ಬ ತೊಗಲು ನೋಡುತ್ತಾನೆ, ಒಬ್ಬ ಮಾತು ನೋಡುತ್ತಾನೆ. ನನ್ನ ಮಗಳು ಬೆರಳು ನೋಡಿದ್ದಾಳೆ. ಗೊರಸು ನೋಡುವವನು ಸುಳಿ ನೋಡುವವನನ್ನು ಹುಚ್ಚ ಎನ್ನಬಾರದು. ನಿಮ್ಮ ಮನೆಯ ಮಕ್ಕಳೂ ನಿಮಗೆ ಅರ್ಥವಾಗದ್ದೇನಾದರೂ ಓದುತ್ತೇನೆ ಎಂದರೆ, ಕೊಳ್ಳುವವರು ಯಾರು ಎಂದು ಕೇಳಿ, ಪರವಾಗಿಲ್ಲ. ಆದರೆ ಉತ್ತರ ಬರುವ ತನಕ ಕಾಯಿರಿ. ಕೆಲವು ಗಿರಾಕಿಗಳು ಆಫ್ರಿಕದಿಂದ ಹಾರಿ ಬರಬೇಕಾಗುತ್ತದೆ.

ಸಭೆಯ ಹಿಂದಿನ ದಿನ

ಮಂಜುಳ ಅನ್ನ ಮುಟ್ಟಲಿಲ್ಲ. ನಾನು ರಾಗಿ ಹುರಿಹಿಟ್ಟಿಗೆ ಬೆಲ್ಲ ಹಾಕಿ ಕಲಸಿ ಮುಂದಿಟ್ಟೆ. ಕ್ವಾಮೆಯೂ ಒಂದು ಉಂಡೆ ತೆಗೆದುಕೊಂಡು ಎದುರಿಗೆ ಕೂತ.

ಅಲ್ಲಿನ ಪದ್ಧತಿ ಚೆನ್ನಾಗಿದೆ. ನಮ್ಮ ಮದುವೆಯಲ್ಲಿ ಮದುವಣಗಿತ್ತಿಯ ಪಕ್ಕ ಕಳಸಗಿತ್ತಿ ನಿಲ್ಲುತ್ತಾಳಲ್ಲ, ಹಾಗೆ ಪರೀಕ್ಷೆಗೆ ನಿಂತವರ ಎಡಬಲಕ್ಕೆ ಅವರ ಕಡೆಯ ಇಬ್ಬರು ನಿಲ್ಲುತ್ತಾರೆ. ಮಂಜುಳ ಆರಿಸಿದ್ದು ಕ್ವಾಮೆಯನ್ನು ಮತ್ತು ನನ್ನನ್ನು. ಪ್ರಶ್ನೆ ಕೇಳುವವರನ್ನು ಅವರು ಕರೆಯುವುದೇ ‘ಎದುರಾಳಿ’ ಎಂದು. ಉತ್ತರ ಕೊಡುವಾಗಲೆಲ್ಲ ‘ಅತಿ ವಿದ್ವಾಂಸರಾದ ಎದುರಾಳಿಯವರೇ’ ಎಂದು ಶುರು ಮಾಡಬೇಕು. ಜಗಳಕ್ಕೂ ಎಂಥ ಮರ್ಯಾದೆ!

“ಆ ಪ್ರೊಫೆಸರು ನನ್ ಪುಸ್ತಕದ ಒಂದೊಂದು ಪುಟಾನೂ ಕೆದಕಿದಾರೆ ಅಪ್ಪ. ಇಷ್ಟ ಆಗಿಲ್ಲ ಅವ್ರಿಗೆ” ಎಂದಳು.

“ಲೇ ಹುಚ್ಚಿ, ಸಂತೇಲಿ ನಿಂತಿದ್ಯಲ್ಲ ಅಷ್ಟು ದಿನ, ಏನ್ ನೋಡ್ದೆ? ‘ಆಹಾ ಎಂಥ ಹೋರಿ’ ಅಂತ ಹೊಗಳಿ ಬೆನ್ ತಟ್ಟಿ ಹೋಯ್ತಾನಲ್ಲ, ಅವ್ನು ಕೊಳ್ಳಲ್ಲ. ಬಾಯ್ ತೆಗ್ಸಿ ಹಲ್ ಎಣ್ಸಿ, ಬಾಲ ಎತ್ತಿ, ‘ಥೂ, ಇದೂ ಒಂದು ದನವಾ’ ಅಂತಾನೆ ನೋಡು, ಅವ್ನೇ ಗಿರಾಕಿ. ಆವಮ್ಮ ಹಲ್ ಎಣಿಸ್ತಾವ್ಳೆ. ಎಣಿಸ್ಲಿ ಬಿಡು.”

ಅವಳು ಅದನ್ನು ಇಂಗ್ಲಿಷಿನಲ್ಲಿ ಕ್ವಾಮೆಗೆ ಹೇಳಿದಳು. ಅವನು ನಕ್ಕು ನನ್ನ ಕಡೆ ತಿರುಗಿ ಕೇಳಿದ: “ಟವಲ್ಲಿನ ಕೆಳಗೆ ಸಾಕ್ಷಿಯಿಲ್ಲ. ಕೈ ಹೊರಗೆ ಬಂದ ಮೇಲೆ ಯಾರು ಬೇಕಾದರೂ ‘ನಾನು ಹಾಗೆ ಹೇಳಲೇ ಇಲ್ಲ’ ಅನ್ನಬಹುದು. ಯಾಕೆ ಅನ್ನುವುದಿಲ್ಲ?”

ನನ್ನನ್ನು ಯಾರೂ ಇದುವರೆಗೆ ಅದನ್ನು ಕೇಳಿರಲಿಲ್ಲ. “ಬಾಯಲ್ಲಿ ಸುಳ್ಳಾಡಿದರೆ ವ್ಯಾಪಾರ. ಬೆರಳಲ್ಲಿ ಸುಳ್ಳಾಡಿದವನ ಟವಲ್ಲಿನ ಕೆಳಗೆ ಮತ್ತೆ ಯಾರೂ ಕೈ ಇಡುವುದಿಲ್ಲ” ಎಂದೆ. ಕ್ವಾಮೆ ಉಂಡೆ ತಿನ್ನುವುದನ್ನು ನಿಲ್ಲಿಸಿ ಬಹಳ ಹೊತ್ತು ಗೋಡೆ ನೋಡುತ್ತಾ ಕೂತ. ಅವನ ಕೆಲಸ ಶುರುವಾಯಿತು ಎಂದು ನನಗೆ ಗೊತ್ತಾಯಿತು.

ಸಭಾಂಗಣ

ಗೋಡೆಯ ತುಂಬ ತೀರಿಹೋದ ಪ್ರೊಫೆಸರುಗಳ ಚಿತ್ರಗಳು. ಎಲ್ಲರೂ ನನ್ನ ಪಂಚೆಯನ್ನೇ ನೋಡುತ್ತಿದ್ದರು. ಕೋಟು ಬೇಡವೆಂದು ನಾನು ಬಿಳಿ ಪಂಚೆ, ಬಿಳಿ ಅಂಗಿ, ಹೆಗಲಿಗೆ ಟವಲ್ಲು ಹಾಕಿಕೊಂಡಿದ್ದೆ. ಪಂಚೆಯೊಳಗೆ ಮಗಳು ಕೊಡಿಸಿದ ಉಣ್ಣೆಯ ಚಡ್ಡಿ ಇದ್ದದ್ದು ಯಾರಿಗೂ ಕಾಣುತ್ತಿರಲಿಲ್ಲ. ಬೆಳ್ಳಿ ಕಟ್ಟಿನ ಉದ್ದ ಕೋಲು ಹಿಡಿದ ಒಬ್ಬ ಹೆಂಗಸು ಮುಂದೆ, ಅವಳ ಹಿಂದೆ ಕಪ್ಪು ಗೌನಿನ ಪ್ರೊಫೆಸರುಗಳು ಸಾಲಾಗಿ ಬಂದು ಕೂತರು. ಪ್ರಶ್ನೋತ್ತರಕ್ಕೆ ಮುಕ್ಕಾಲು ಗಂಟೆ. ಕೋಲಿನ ಹೆಂಗಸು ಮತ್ತೆ ಬಂದು ನೆಲಕ್ಕೆ ಕುಟ್ಟಿದ ಕೂಡಲೇ, ಬಾಯಲ್ಲಿರುವ ಮಾತು ಅರ್ಧವಾಗಿದ್ದರೂ ನಿಲ್ಲಬೇಕು. ಆಲಸನತ್ತಂನಲ್ಲಿ ರತ್ನ, ಮುನಿಯಪ್ಪಣ್ಣ ಇಬ್ಬರೂ ಫೋನಿನಲ್ಲಿ ಇದನ್ನೆಲ್ಲ ನೋಡುತ್ತಿದ್ದರು.

ಮೊದಲಿನವರು ಕೇಳಿದ್ದಕ್ಕೆ ಮಂಜುಳ ಗಟ್ಟಿಯಾಗಿಯೇ ಉತ್ತರ ಕೊಟ್ಟಳು. ಆಮೇಲೆ ಜರ್ಮನಿಯ ಪ್ರೊಫೆಸರಮ್ಮ ಕನ್ನಡಕ ಸರಿಮಾಡಿಕೊಂಡರು. ತುಂಡು ಬಿಳಿ ಕೂದಲು, ನೇರ ಬೆನ್ನು.

“ನಿಮ್ಮ ಪುಸ್ತಕ ಚೆನ್ನಾಗಿದೆ. ಅದರ ಅಡಿಪಾಯ ಮಾತ್ರ ನನಗೆ ಕಾಣುತ್ತಿಲ್ಲ. ಬಟ್ಟೆಯ ಕೆಳಗೆ ನಡೆದದ್ದನ್ನು ನೀವು ನೋಡಿಲ್ಲ, ನಿಮ್ಮ ಕ್ಯಾಮೆರಾವೂ ನೋಡಿಲ್ಲ. ದಲ್ಲಾಳಿಗಳು ಹೇಳಿದರು, ನೀವು ಬರೆದಿರಿ. ಸುಳ್ಳು ಹೇಳುವುದೇ ಕಸುಬಾಗಿರುವವರನ್ನು ಯಾಕೆ ನಂಬಬೇಕು?”

ಮಂಜುಳ ಏನೋ ಹೇಳಲು ಶುರು ಮಾಡಿದಳು. ಧ್ವನಿ ಸಣ್ಣದಾಯಿತು. ಪ್ರೊಫೆಸರಮ್ಮ ಕೇಳಿಸಿಕೊಂಡು, “ನನಗೆ ಒಪ್ಪಿಗೆಯಾಗುತ್ತಿಲ್ಲ” ಎಂದು ಕೈ ಕಟ್ಟಿ ಹಿಂದಕ್ಕೆ ಒರಗಿದರು.

ಈಗ ನಾನು ಮಾಡಿದ್ದು ಬೇಕೆಂದು ಮಾಡಿದ್ದಲ್ಲ. ಸಂತೆಯಲ್ಲಿ ಗಿರಾಕಿ ಸರಕನ್ನು ಹಳಿದು, ಕೈ ಕಟ್ಟಿ, ಸುಮ್ಮನಾದ ಎಂದರೆ ಮುಂದಿನ ಕೆಲಸ ದಲ್ಲಾಳಿಯದು. ಆ ಗಳಿಗೆ ತಪ್ಪಿದರೆ ಗಿರಾಕಿ ಹೋಗಿಬಿಡುತ್ತಾನೆ. ನನ್ನ ಕೈ ತಾನಾಗಿಯೇ ಹೆಗಲಿನ ಟವಲ್ಲು ಎಳೆದು, ಬಲಗೈ ಮೇಲೆ ಹರವಿ, ಪ್ರೊಫೆಸರಮ್ಮನ ಕಡೆಗೆ ಚಾಚಿತು.

ಕ್ವಾಮೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಅಧ್ಯಕ್ಷರು ಹುಬ್ಬು ಏರಿಸಿದರು. “ಅಪ್ಪಾ! ಕೈ ಇಳ್ಸು” ಎಂದು ಮಂಜುಳ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೈ ಇಳಿಸುವುದರಲ್ಲಿದ್ದೆ. ಅಷ್ಟರಲ್ಲಿ ಅವಳೇ ನನ್ನ ಮೊಣಕೈ ಹಿಡಿದು ತಡೆದಳು. ಟವಲ್ಲನ್ನು ಹೊಸದಾಗಿ ಕಂಡವಳಂತೆ ಒಂದು ಕ್ಷಣ ನೋಡಿದಳು. ಆಮೇಲೆ ಅವಳ ಧ್ವನಿ ಬದಲಾಗಿತ್ತು.

“ಅತಿ ವಿದ್ವಾಂಸರಾದ ಎದುರಾಳಿಯವರೇ, ನನ್ನ ತಂದೆ ನಿಮ್ಮನ್ನು ವ್ಯಾಪಾರಕ್ಕೆ ಕರೆಯುತ್ತಿದ್ದಾರೆ. ಅಧ್ಯಕ್ಷರು ಅನುಮತಿ ಕೊಟ್ಟರೆ, ನೀವೂ ಬಂದರೆ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.”

ಅಧ್ಯಕ್ಷರು ತಲೆಯಾಡಿಸಿದರು. ಪ್ರೊಫೆಸರಮ್ಮ ಎದ್ದು, ಗೌನು ಹಿಡಿದುಕೊಂಡು ಕೆಳಗಿಳಿದು ಬಂದು, ಟವಲ್ಲಿನ ಕೆಳಗೆ ಕೈ ಇಟ್ಟರು. ಯಾವುದಾದರೂ ಅಂಕಿ ಹೇಳಿ ಎಂದು ಮಂಜುಳ ಕೇಳಿಕೊಂಡಳು. ಆಕೆಯ ಕೈ ಮಂಜುಗಡ್ಡೆ. ಆದರೆ ಹಿಡಿತ ನೋಡಿ! ಇಡೀ ಕೈ ಹಿಡಿದು, ಬಿಟ್ಟು, ಮತ್ತೆ ಬೆರಳು ಹಿಡಿದರು. ಎಲ್ಲೂ ತಪ್ಪಿಲ್ಲ. ಪುಸ್ತಕವನ್ನು ನಿಜವಾಗಿ ಓದಿದ್ದಾರೆ ಎಂದು ನನಗೆ ಅಲ್ಲೇ ಗೊತ್ತಾಯಿತು.

ಮಂಜುಳ ನಮ್ಮಿಬ್ಬರನ್ನೂ ಎರಡು ದಿಕ್ಕಿಗೆ ನಿಲ್ಲಿಸಿ, ಒಂದೊಂದು ಚೀಟಿಯಲ್ಲಿ ಆ ಅಂಕಿ ಬರೆಯಲು ಹೇಳಿದಳು. ಕ್ವಾಮೆ ಎರಡನ್ನೂ ಅಧ್ಯಕ್ಷರಿಗೆ ಕೊಟ್ಟ. ಅವರು ಬಿಚ್ಚಿ ಸಭೆಗೆ ಹಿಡಿದು ತೋರಿಸಿದರು. ಎರಡರಲ್ಲೂ ಎಂಟು.

“ಈ ಸಭೆಯಲ್ಲಿ ಯಾರೂ ಆ ಕೈಗಳನ್ನು ನೋಡಲಿಲ್ಲ” ಎಂದಳು ಮಂಜುಳ. “ಆದರೂ ಒಳಗೆ ಏನು ನಡೆಯಿತು ಎಂದು ಈಗ ಎಲ್ಲರಿಗೂ ಗೊತ್ತು. ಸಂತೆಯಲ್ಲಿ ನಾನು ಮಾಡಿದ್ದು ಇದನ್ನೇ. ಕೊಂಡವನನ್ನು ಹುಣಸೆಮರದ ಆ ಕಡೆ, ಮಾರಿದವನನ್ನು ಈ ಕಡೆ ನಿಲ್ಲಿಸಿ ಬೇರೆಬೇರೆಯಾಗಿ ಕೇಳಿದೆ. ಒಬ್ಬನಿಗೆ ಬೆಲೆ ಹೆಚ್ಚು ಹೇಳುವ ಆಸೆ, ಇನ್ನೊಬ್ಬನಿಗೆ ಕಡಿಮೆ ಹೇಳುವ ಆಸೆ. ಇಬ್ಬರೂ ಒಂದೇ ಅಂಕಿ ಹೇಳಿದರೆ ಅದನ್ನು ನಂಬಿದೆ.”

“ಹೊಂದದೆ ಹೋದಾಗ?”

“ಎಸೆಯಲಿಲ್ಲ. ಅವೆಲ್ಲ ಐದನೆಯ ಅಧ್ಯಾಯದಲ್ಲಿವೆ. ನನ್ನ ತಂದೆ ಹೇಳಿದ್ದೂ ಒಂದಿದೆ.”

ಸಭೆ ಗೊಳ್ಳೆಂದಿತು. ನನಗೆ ಗೊತ್ತೇ ಇರಲಿಲ್ಲ! ಒಂದೇ ದಿನ ಹಲವು ಜೋಡಿ ಎತ್ತು ಕೈ ಬದಲಾಯಿಸಿದಾಗ ಒಂದರ ಬೆಲೆಯನ್ನು ಇನ್ನೊಂದಕ್ಕೆ ಹೇಳಿರಬೇಕು. ಕಿವಿ ಬಿಸಿಯಾಯಿತು. ಆದರೆ ಅದರ ಹಿಂದೆಯೇ ಎದೆ ಉಬ್ಬಿತು. ಅಪ್ಪನ ಸರಕು ಎಂದು ಅವಳು ತಕ್ಕಡಿ ಒತ್ತಿರಲಿಲ್ಲ.

ಪ್ರೊಫೆಸರಮ್ಮ ಮತ್ತೆ ಬೆರಳೆತ್ತಿದರು. “ಹಾಗಾದರೆ...” ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಕೋಲು ನೆಲಕ್ಕೆ ಧಣ್ ಎಂದು ಬಿತ್ತು. “ಹೋರಾ ಎಸ್ಟ್!” ಹೊತ್ತಾಯಿತು ಎಂದು ಅವರ ಹಳೇ ಲ್ಯಾಟಿನ್ ಭಾಷೆಯಲ್ಲಿ ಅರ್ಥವಂತೆ. ಪ್ರೊಫೆಸರಮ್ಮ ಅರ್ಧ ಮಾತನ್ನು ನುಂಗಿಕೊಂಡು ಸುಮ್ಮನಾದರು. ಇಂಥ ಒಂದು ಕೋಲು ನಮ್ಮ ಪಂಚಾಯಿತಿ ಕಟ್ಟೆಗಳಿಗೂ ಬೇಕು.

ಪ್ರೊಫೆಸರುಗಳೆಲ್ಲ ಒಳಗೆ ಹೋಗಿ ಮಾತಾಡಿಕೊಂಡು ಬಂದರು. ಕೆಂಪು ಮುದ್ರೆಯ ಪತ್ರವನ್ನು ಅಧ್ಯಕ್ಷರು ಮಂಜುಳಾಳ ಕೈಗೆ ಕೊಟ್ಟಾಗ, ಗುಮ್ಮಳಾಪುರದ ದನದ ದಲ್ಲಾಳಿಯ ಮಗಳ ಹೆಸರಿನ ಮುಂದೆ ಡಾಕ್ಟರ್ ಎಂದು ಕೂಗಿದಾಗ, ನಾನು ಟವಲ್ಲಿನಿಂದ ಮುಖ ಒರೆಸಿಕೊಂಡೆ. ಬೆವರು ಎಂದು ಕ್ವಾಮೆಗೆ ಹೇಳಿದೆ. ಆ ಚಳಿಯಲ್ಲಿ ಅವನು ನಂಬಲಿಲ್ಲ.

ಕೈ

ಆಮೇಲೆ ಪಕ್ಕದ ಹಜಾರದಲ್ಲಿ ಎಲ್ಲರಿಗೂ ಕಾಫಿ, ಕೇಕು. ಮಾರ್ಕೊ, ಆನೆಕ ಮಗಳನ್ನು ಅಪ್ಪಿಕೊಂಡು ಕುಣಿಯುತ್ತಿದ್ದರು. ಪ್ರೊಫೆಸರಮ್ಮ ಗೌನು ಕಳಚಿ ಸೀದಾ ನನ್ನ ಹತ್ತಿರ ಬಂದರು. ಬಟ್ಟೆ ಹರವುತ್ತೀರಾ ಎಂದು ಕೇಳಿದರು. ಈ ದೇಶದಲ್ಲಿ ಪ್ರಬಂಧಕ್ಕೆ ಅಂಕ ಕೊಡುವ ಪದ್ಧತಿ ಇಲ್ಲವಂತೆ. ಆದರೂ ನಾನು ಕೊಡುವ ಅಂಕ ಹತ್ತಕ್ಕೆ ಎಷ್ಟು ಎಂದು ನಿಮಗೆ ಹೇಳಬೇಕು ಎಂದರು.

ಟವಲ್ಲು ಹರವಿದೆ. ಕೈ ಬಂತು. ಹೇಳಿತು.

ಸಂತೆಗೆ ಇಳಿದ ದಿನದಿಂದ ಎದುರಿನವರು ಹೇಳಿದ ಮೊದಲ ಬೆಲೆಗೆ ನಾನು ಒಪ್ಪಿದ್ದೇ ಇಲ್ಲ. ಅವತ್ತು ಚೌಕಾಸಿ ಮಾಡಲಿಲ್ಲ. ಟವಲ್ಲು ಎಳೆದು, ವ್ಯಾಪಾರ ಕುದುರಿತು ಎಂದು ಕೈಗೆ ಕೈ ತಟ್ಟಿದೆ. ಆಕೆಗೆ ಅದೂ ಗೊತ್ತಿತ್ತು, ತಿರುಗಿ ತಟ್ಟಿದರು.

“ಎಷ್ಟಪ್ಪ? ಎಷ್ಟು ಅಂದ್ರು?” ಮಂಜುಳ ಓಡಿ ಬಂದಳು.

“ಹೇಳಲ್ಲ. ಹೊಂದ್ದೆ ಇರೋ ಲೆಕ್ಕಗಳ ಜೊತೆ ಐದ್ನೇ ಅಧ್ಯಾಯಕ್ಕೆ ಹಾಕ್ಕೊ” ಎಂದೆ.

ಊರಿಗೆ ಬಂದ ಮೇಲೆ ಕರು ಹಾಕಿದ ಹಸುವಿಗೆ ಬೆಲ್ಲ ತಿನ್ನಿಸುತ್ತಾ ಕೂತಿದ್ದೆ. ಮುನಿಯಪ್ಪಣ್ಣ ಬಂದ. ಫೋನಿನಲ್ಲಿ ಎಲ್ಲವನ್ನೂ ನೋಡಿದ್ದ. ಕಾಫಿಯ ಹೊತ್ತಿನ ಸಂಗತಿಯನ್ನು ರತ್ನ ಅವನಿಗೆ ಹೇಳಿಬಿಟ್ಟಿದ್ದಳು.

“ಮಗ್ಳು ನಮ್ ಮಾನ ಉಳಿಸ್‌ಬುಟ್ಲು ಕಣ್ಲಾ ವೆಂಕ್ಟಾ. ಅದಿರ್ಲಿ, ಆವಮ್ಮ ಎಷ್ಟ್ ಹಾಕುದ್ಲು? ನಂಗೊಬ್ನಿಗ್ ಹೇಳು.”

“ಟವಲ್ ಕೆಳ್ಗಿಂದು ಕಣಣ್ಣ.”

ಅವನು ನನ್ನ ಮುಖ ನೋಡಿದ. ತನ್ನ ಟವಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

“ಅಂಗಂದ್ರೆ ಸರಿ” ಎಂದ. ಮತ್ತೆ ಕೇಳಲಿಲ್ಲ.